ರಿಪೋರ್ಟ್‌ನಲ್ಲಿ ಕಾಣದ ಸುಸ್ತು

ಎಂಎಸ್ ಅಂದ ತಕ್ಷಣ ನಮ್ಮ ಕ್ಯಾಂಪಸ್‌ನಲ್ಲಿ ಎಲ್ಲರ ತಲೆಗೂ ಬರೋದು ಜಿಆರ್‌ಇ, ಎಜುಕೇಶನ್ ಲೋನು, ಅಮೆರಿಕ. ಇದು ಆ ಎಂಎಸ್ ಅಲ್ಲ. ಇದು ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ನರಗಳ ಕಾಯಿಲೆ. ಹೆಚ್ಚಾಗಿ 20ರಿಂದ 40 ವರ್ಷದೊಳಗೆ, ಅಂದ್ರೆ ಹೆಚ್ಚುಕಮ್ಮಿ ನಮ್ಮ ವಯಸ್ಸಿಗೇ ಶುರುವಾಗುತ್ತೆ. ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ನರತಂತುಗಳ ಮೇಲಿರೋ ಮಯಲಿನ್ ಅನ್ನೋ ಹೊದಿಕೆಯನ್ನ ಶತ್ರು ಅಂದುಕೊಂಡು ಕೆರೆದು ಹಾಕುತ್ತೆ. ವೈರಿನ ಇನ್ಸುಲೇಶನ್ ಕಿತ್ತುಹೋದ ಹಾಗೆ ಅಂತ ಎಲ್ಲಾ ಕಡೆ ಬರೀತಾರೆ. ಇಂಜಿನಿಯರಿಂಗ್ ಓದೋರಿಗೆ ಆ ಹೋಲಿಕೆ ಸಾಲದು. ಮಯಲಿನ್ ಬರೀ ಶಾಕ್ ಹೊಡೆಯದ ಹಾಗೆ ತಡೆಯೋ ಪ್ಲಾಸ್ಟಿಕ್ ಅಲ್ಲ, ಸಿಗ್ನಲ್ ಎಷ್ಟು ವೇಗವಾಗಿ ಓಡಬೇಕು ಅನ್ನೋದನ್ನೇ ತೀರ್ಮಾನ ಮಾಡೋದು ಅದು. ಹೊದಿಕೆ ಇರೋ ದಪ್ಪ ತಂತುವಿನಲ್ಲಿ ಸಿಗ್ನಲ್ ಸೆಕೆಂಡಿಗೆ 100 ಮೀಟರ್ ತನಕ ಓಡಿದರೆ, ಹೊದಿಕೆ ಇಲ್ಲದ ತೆಳು ತಂತುವಿನಲ್ಲಿ ಒಂದು ಮೀಟರ್ ಆಸುಪಾಸು.

ನಾವು ಇದನ್ನ ಬರೀತಿರೋರು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯೋರು. ಸರ್ಕಾರಿ ಲೆಕ್ಕದಲ್ಲಿ ಈ ನಾಲ್ಕೂ ತಾಲೂಕು ಸೇರಿದರೆ ಮಧುಗಿರಿ ಉಪವಿಭಾಗ. 2011ರ ಜನಗಣತಿ ಪ್ರಕಾರ ಇಲ್ಲಿ ಹತ್ತಿರ ಹತ್ತಿರ 10 ಲಕ್ಷ ಜನ. ಇನ್ನು ಮಂಗಳೂರಿನಲ್ಲಿ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಅವರ ತಂಡ ನಗರದೊಳಗೆ ಎಂಎಸ್ ಇರೋರನ್ನ ಹುಡುಕಿ ಎಣಿಸಿತ್ತು. 2014ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಲಕ್ಷ ಜನಕ್ಕೆ ಸುಮಾರು 8 ಮಂದಿ. ಮಂಗಳೂರು ಬೇರೆ, ಪಾವಗಡ ಬೇರೆ, ಒಪ್ಪಿದ್ವಿ. ಆದರೂ ಅದೇ ದರ ಹಿಡಿದು ಗುಣಿಸಿದರೆ ನಮ್ಮ ನಾಲ್ಕು ತಾಲೂಕಿಗೆ 80 ಜನ ಬರ್ತಾರೆ. ಒಂದೂವರೆ ಕೆಂಪು ಬಸ್ಸಿನಷ್ಟು ಜನ. ಎಂಎಸ್ ಬಿಸಿಲಿನ ದೇಶದ ಕಾಯಿಲೆ ಅಲ್ಲ, ಯುರೋಪಿನ ಚಳಿ ನಾಡಿನದು ಅಂತ ಬಹಳ ಕಾಲ ನಂಬಿದ್ದರು. ಸಮಭಾಜಕದಿಂದ ದೂರ ಹೋದಷ್ಟೂ ಜಾಸ್ತಿ ಅನ್ನೋದು ನಿಜವೂ ಹೌದು. ಆದರೆ ಕಡಿಮೆ ಅಂದ್ರೆ ಸೊನ್ನೆ ಅಲ್ಲ. ನಮ್ಮಲ್ಲಿ ಎಂಆರ್‌ಐ ಮೆಷಿನ್‌ಗಳು ಬಂದ ಮೇಲೆ ಕಾಯಿಲೆ ಸಿಗೋಕೆ ಶುರುವಾಯ್ತು.

ಆ 80 ಜನ ಎಲ್ಲಿದ್ದಾರೆ? ಇದು ನಮ್ಮ ಮೊದಲನೇ ಪ್ರಶ್ನೆ. ಕಾಲು ಬಿಗಿ ಹಿಡಿಯುತ್ತೆ, ನಡಿಗೆ ತಪ್ಪುತ್ತೆ ಅಂದ್ರೆ ನಮ್ಮ ಕಡೆ ಮೊದಲು ಹೇಳೋದು ನೀರು. ಪಾವಗಡದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರೋದು ಎಲ್ಲರಿಗೂ ಗೊತ್ತು. ಅದು ಮಿತಿಮೀರಿದರೆ ಬೆನ್ನುಮೂಳೆ ದಪ್ಪಗಾಗಿ ಬೆನ್ನುಹುರಿಯನ್ನೇ ಒತ್ತುತ್ತೆ, ಆಗಲೂ ಕಾಲು ಹೀಗೇ ಬಿಗಿಯಾಗುತ್ತೆ. ಅದಿಲ್ಲ ಅಂದ್ರೆ ಬಿ12 ಕೊರತೆ, ಇಲ್ಲ ಡಿಸ್ಕ್, ಇಲ್ಲ ಬೆನ್ನುಮೂಳೆಯ ಟಿಬಿ. ಇವೆಲ್ಲ ನಿಜವಾಗಿಯೂ ಇರೋ ಕಾಯಿಲೆಗಳೇ, ಮತ್ತು ಎಂಎಸ್‌ಗಿಂತ ಸಾಮಾನ್ಯ. ಅದರ ಜೊತೆಗೆ ಸಿದ್ದರಬೆಟ್ಟದ ಬೇರು, ಪಾವಗಡದ ಶನಿಮಹಾತ್ಮನಿಗೆ ಎಣ್ಣೆ. ಅದನ್ನ ನಾವು ಲೇವಡಿ ಮಾಡೋದಿಲ್ಲ. ನಮ್ಮ ಮನೆಗಳಲ್ಲೂ ಸೆಮಿಸ್ಟರ್ ರಿಸಲ್ಟ್ ಬರೋ ಮುಂಚೆ ಆ ದೀಪ ಹಚ್ಚಿರ್ತಾರೆ. ಎಂಎಸ್‌ಗೆ ಇನ್ನೊಂದು ಕೆಟ್ಟ ಬುದ್ಧಿ ಇದೆ. ಮೊದಮೊದಲು ಬಂದ ತೊಂದರೆ ಕೆಲವು ವಾರದಲ್ಲಿ ತಾನಾಗೇ ಇಳಿಯುತ್ತೆ. ಒಂದು ಕಣ್ಣು ಮಂಜಾಗಿ, ನೋವಾಗಿ, ಮತ್ತೆ ಸರಿಹೋಗುತ್ತೆ. ಏನು ಮಾಡಿದ್ದಕ್ಕೆ ಸರಿಹೋಯ್ತು ಅಂದ್ರೆ, ಆ ವಾರ ಏನು ಮಾಡಿದ್ವೋ ಅದಕ್ಕೇ!

ಈಗ ಬಿಸಿಲಿನ ವಿಷಯ. 1890ರಲ್ಲಿ ವಿಲ್ಹೆಲ್ಮ್ ಊಥಾಫ್ ಅನ್ನೋ ಜರ್ಮನ್ ಕಣ್ಣಿನ ವೈದ್ಯ ಒಂದು ಸಂಗತಿ ಬರೆದಿಟ್ಟರು: ಎಂಎಸ್ ಇರೋರು ಮೈ ದಣಿಸಿ ಬಿಸಿಯಾದಾಗ ಅವರ ದೃಷ್ಟಿ ತಾತ್ಕಾಲಿಕವಾಗಿ ಮಂದವಾಗುತ್ತೆ, ತಣ್ಣಗಾದ ಮೇಲೆ ವಾಪಸ್ ಬರುತ್ತೆ. ಕಾರಣ ಸರಳ. ಹೊದಿಕೆ ಹೋದ ತಂತುವಿನಲ್ಲಿ ಸಿಗ್ನಲ್ ಅಂಚಿನಲ್ಲೇ ಓಡ್ತಿರುತ್ತೆ, ಮಾರ್ಜಿನ್ ಇರೋದಿಲ್ಲ. ಬಿಸಿ ಏರಿದರೆ ಸೋಡಿಯಂ ಚಾನೆಲ್‌ಗಳು ಬೇಗ ಮುಚ್ಚಿಕೊಳ್ತವೆ, ಸಿಗ್ನಲ್ ಅಲ್ಲೇ ಸತ್ತುಹೋಗುತ್ತೆ. ಮೈ ಒಳಗಿನ ತಾಪ ಅರ್ಧ ಡಿಗ್ರಿ ಏರಿದರೂ ಸಾಕು. ಎಂಆರ್‌ಐ ಬರೋ ಮುಂಚೆ ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಎಂಎಸ್ ಇದೆಯಾ ಅಂತ ಪರೀಕ್ಷೆ ಮಾಡ್ತಿದ್ದರು. ಪಾವಗಡದಲ್ಲಿ ತೊಟ್ಟಿ ಬೇಡ, ಏಪ್ರಿಲ್ ಸಾಕು. 2,050 ಮೆಗಾವಾಟಿನ ಸೋಲಾರ್ ಪಾರ್ಕನ್ನ ತಿರುಮಣಿ ಸುತ್ತಮುತ್ತ ಸುಮ್ಮನೆ ಕಟ್ಟಿಲ್ಲ.

ಒಂದು ಚಿತ್ರ ಕಲ್ಪಿಸಿಕೊಳ್ಳಿ. ಪಾವಗಡ ತಾಲೂಕಿನ ಯಾವುದೋ ಊರು, ಮೂವತ್ತು ದಾಟದ ಸೊಸೆ. ಬೆಳಗ್ಗೆ ಎದ್ದು ಕಸ ಮುಸುರೆ ಎಲ್ಲಾ ಮಾಡ್ತಾಳೆ. ಹನ್ನೊಂದು ಗಂಟೆಗೆ ಶೇಂಗಾ ಹೊಲದಿಂದ ವಾಪಸ್ ಬಂದು ಗೋಡೆಗೆ ಒರಗಿದಳು ಅಂದ್ರೆ ಏಳೋಕಾಗಲ್ಲ. ಸಂಜೆ ತಂಪಾದ ಮೇಲೆ ಮತ್ತೆ ಸರಿ. "ಕೆಲಸ ಇದ್ದಾಗ ಇವಳಿಗೆ ಕಾಯಿಲೆ ಬತ್ತದೆ, ಉಣ್ಣೋ ಹೊತ್ತಿಗೆ ಹೋಗ್ತದೆ" ಅಂತ ಅತ್ತೆ ಅಂದ್ರೆ, ಅತ್ತೆ ಕೆಟ್ಟವರು ಅಂತಲ್ಲ. ಕಣ್ಣಿಗೆ ಕಾಣ್ತಿರೋದು ಹಾಗೇ ಇದೆ. ಎಂಎಸ್ ಇರೋ ನಾಲ್ವರಲ್ಲಿ ಮೂವರಾದರೂ ಇಂಥ ಸುಸ್ತನ್ನ ಹೇಳ್ತಾರೆ. ಎಷ್ಟೋ ಜನಕ್ಕೆ ಕಾಲಿನ ತೊಂದರೆಗಿಂತ ಇದೇ ಜಾಸ್ತಿ ಕಾಡೋದು. ನಿದ್ದೆ ಮಾಡಿದರೆ ಹೋಗೋ ಸುಸ್ತಲ್ಲ ಇದು.

ಈ ಸುಸ್ತು, ನಿದ್ದೆ, ಮೈ ತಾಪ ಎಲ್ಲಾ ಸಂಧಿಸೋ ಒಂದು ಜಾಗ ಮೆದುಳಿನಲ್ಲಿದೆ. ಅದೇ ಹೈಪೋಥಾಲಮಸ್. ಬಾದಾಮಿ ಗಾತ್ರ, ಸುಮಾರು 4 ಘನ ಸೆಂಟಿಮೀಟರ್, ಮೆದುಳಿನ ತಳದಲ್ಲಿ, ಮೂರನೇ ಕುಹರ ಅನ್ನೋ ನೀರಿನ ಕಾಲುವೆಯ ಎರಡೂ ದಡದಲ್ಲಿ. ಮೈ ಎಷ್ಟು ಬಿಸಿ ಇರಬೇಕು, ಯಾವಾಗ ಬೆವರಬೇಕು ಅಂತ ನೋಡಿಕೊಳ್ಳೋ ಥರ್ಮೋಸ್ಟಾಟ್ ಇಲ್ಲಿದೆ. ಹಗಲು ರಾತ್ರಿಯ ಗಡಿಯಾರ ಇಲ್ಲಿದೆ. ನಮ್ಮನ್ನ ಎಚ್ಚರವಾಗಿಡೋ ಒರೆಕ್ಸಿನ್ ತಯಾರಾಗೋದು ಇಲ್ಲಿ. ಕಾರ್ಟಿಸಾಲ್ ಎಷ್ಟು ಬರಬೇಕು ಅನ್ನೋ ಆದೇಶ ಹೊರಡೋದೂ ಇಲ್ಲಿಂದ. ಊಥಾಫ್ ಹೇಳಿದ ಬಿಸಿಯ ಕಥೆಗೆ ತಂತುಗಳ ಹೊದಿಕೆಯೇ ಮುಖ್ಯ ಕಾರಣ, ಅದಕ್ಕೆ ಹೈಪೋಥಾಲಮಸ್ ಬೇಕೇ ಬೇಕು ಅಂತಿಲ್ಲ. ಆದರೆ ಥರ್ಮೋಸ್ಟಾಟಿಗೇ ಏಟು ಬಿದ್ದಿದ್ದರೆ ಮೈ ತಣ್ಣಗಾಗೋದೂ ಕಷ್ಟ. ಎರಡೂ ಒಟ್ಟಿಗೆ ಆಗಬಾರದು ಅಂತೇನಿಲ್ಲ.

ಏಟು ಬೀಳುತ್ತಾ? 2001ರಲ್ಲಿ ನೆದರ್‌ಲ್ಯಾಂಡ್ಸ್‌ನ ಇಂಗೆ ಹೌಟಿಂಗಾ ಮತ್ತು ಸಂಗಡಿಗರು, ಎಂಎಸ್ ಇದ್ದು ತೀರಿಕೊಂಡ 17 ಜನರ ಹೈಪೋಥಾಲಮಸ್ಸನ್ನ ಮೈಕ್ರೋಸ್ಕೋಪಿನಲ್ಲಿ ನೋಡಿದರು. 16 ಜನರಲ್ಲಿ ಮಯಲಿನ್ ಕಿತ್ತುಹೋದ ಕಲೆಗಳಿದ್ದವು. ಬದುಕಿರೋರ ಎಂಆರ್‌ಐ ನೋಡಿದ ಅಧ್ಯಯನಗಳಲ್ಲಿ ಸಿಗೋ ಪ್ರಮಾಣ ಇದಕ್ಕಿಂತ ತುಂಬಾ ಕಡಿಮೆ. ಹೋಲಿಕೆ ಪೂರ್ತಿ ನ್ಯಾಯವಲ್ಲ: ತೀರಿಕೊಂಡವರ ಕಾಯಿಲೆ ಬಹಳ ವರ್ಷದ್ದು, ಮುಂದುವರಿದದ್ದು. ಆದರೂ ಅಷ್ಟು ದೊಡ್ಡ ಅಂತರ ಕಾಯಿಲೆಯ ವರ್ಷಗಳಿಂದ ಮಾತ್ರ ಬಂತು ಅಂದ್ರೆ ನಾವು ನಂಬಲ್ಲ. ಒಂದು ಪಾಲು ಕ್ಯಾಮೆರಾದ್ದೂ ಇದೆ.

ಇಲ್ಲಿಂದ ನಮ್ಮ ಸಿಲಬಸ್ಸಿನ ವಿಷಯ ಶುರು, ಸ್ವಲ್ಪ ನಿಧಾನವಾಗಿ ಬನ್ನಿ. ಮಾಮೂಲಿ ಬ್ರೈನ್ ಎಂಆರ್‌ಐನಲ್ಲಿ ಫ್ಲೇರ್ ಅನ್ನೋ ಸೀಕ್ವೆನ್ಸ್ ಹಾಕ್ತಾರೆ. ಅದು ಮೆದುಳಿನ ನೀರನ್ನ ಕಪ್ಪು ಮಾಡಿ, ಕಲೆಗಳನ್ನ ಬೆಳ್ಳಗೆ ತೋರಿಸುತ್ತೆ. ಹಳೇ ಪದ್ಧತಿಯಲ್ಲಿ ಇದನ್ನ 5 ಮಿಲಿಮೀಟರ್ ದಪ್ಪದ ಸ್ಲೈಸ್‌ಗಳಾಗಿ ತೆಗೀತಾರೆ, ನಡುವೆ ಸ್ವಲ್ಪ ಗ್ಯಾಪ್ ಕೂಡ ಬಿಡ್ತಾರೆ. 3 ಮಿಲಿಮೀಟರಿನ ಕಲೆಯೊಂದು ಆ ಸ್ಲೈಸಿನೊಳಗೆ ಪೂರ್ತಿ ಬಿದ್ದರೂ, ಆ ಪಿಕ್ಸೆಲ್ಲಿನಲ್ಲಿ 60% ಕಲೆ, 40% ಪಕ್ಕದ ಒಳ್ಳೆ ಭಾಗ. ಎರಡು ಸ್ಲೈಸಿಗೆ ಹಂಚಿಹೋದರೆ ಇನ್ನೂ ಮಸುಕು. ಗ್ಯಾಪಿನೊಳಗೆ ಬಿದ್ದರೆ ಇಲ್ಲವೇ ಇಲ್ಲ. 4 ಘನ ಸೆಂಟಿಮೀಟರಿನ ಅಂಗಕ್ಕೆ ಒಂದು ಮಿಲಿಮೀಟರ್ ಘನದ ವಾಕ್ಸೆಲ್ ಆದರೆ 4,000 ಸಿಗ್ತವೆ. 1×1×5 ಆದರೆ 800. ಇದರ ಮೇಲೆ ಮೂರನೇ ಕುಹರದ ನೀರು ಎದೆಬಡಿತಕ್ಕೆ ತಕ್ಕ ಹಾಗೆ ಅಲುಗಾಡುತ್ತೆ. ಅಲುಗೋ ನೀರನ್ನ ಫ್ಲೇರ್ ಸರಿಯಾಗಿ ಕಪ್ಪು ಮಾಡಲ್ಲ, ಸುಳ್ಳು ಬಿಳುಪು ಬರುತ್ತೆ. ಕೆಳಗೆ ತಲೆಬುರುಡೆಯ ಗಾಳಿಗೂಡುಗಳು ಮ್ಯಾಗ್ನೆಟಿಕ್ ಫೀಲ್ಡನ್ನೇ ಸೊಟ್ಟ ಮಾಡ್ತವೆ. ಹಾಗಾಗಿ ಅಲ್ಲಿ ಏನೋ ಬೆಳ್ಳಗೆ ಕಂಡರೂ ರೇಡಿಯಾಲಜಿಸ್ಟ್ ಅದನ್ನ ಆರ್ಟಿಫ್ಯಾಕ್ಟ್ ಅಂತ ಬಿಡೋದು ತಪ್ಪಲ್ಲ, ಬಹಳ ಸಲ ಅದು ಆರ್ಟಿಫ್ಯಾಕ್ಟೇ.

ವಾಕ್ಸೆಲ್ ಚಿಕ್ಕದು ಮಾಡಿಬಿಡಿ ಅಂತೀರಾ? ವಾಕ್ಸೆಲ್ಲಿನ ಬದಿಯನ್ನ ಅರ್ಧ ಮಾಡಿದರೆ ಗಾತ್ರ ಎಂಟನೇ ಒಂದು ಭಾಗ, ಸಿಗ್ನಲ್ಲೂ ಅಷ್ಟೇ. ಸ್ಕ್ಯಾನ್ ಪುನರಾವರ್ತಿಸಿ ಸರಾಸರಿ ತೆಗೆದು ಆ ನಷ್ಟ ತುಂಬಿಸಬೇಕು ಅಂದ್ರೆ, ಸಿಗ್ನಲ್-ನಾಯ್ಸ್ ಅನುಪಾತ ಸಮಯದ ವರ್ಗಮೂಲಕ್ಕೆ ತಕ್ಕ ಹಾಗೆ ಏರೋದರಿಂದ, 64 ಪಟ್ಟು ಸಮಯ ಬೇಕು. ಯಾವ ರೋಗಿಯೂ ಅಷ್ಟು ಹೊತ್ತು ಆ ಕೊಳವೆಯೊಳಗೆ ಮಲಗಲ್ಲ. ದಾರಿ ಇರೋದು ಬೇರೆ ಕಡೆ: ಸ್ಲೈಸ್ ಬಿಟ್ಟು ಇಡೀ ಮೆದುಳನ್ನ ಒಟ್ಟಿಗೆ 3ಡಿ ಆಗಿ ತೆಗೆಯೋದು. ಎಂಎಸ್‌ಗೆ ಯಾವ ಥರ ಸ್ಕ್ಯಾನ್ ಮಾಡಬೇಕು ಅಂತ ಯುರೋಪ್ ಮತ್ತು ಉತ್ತರ ಅಮೆರಿಕದ ತಜ್ಞರು 2021ರಲ್ಲಿ ಒಟ್ಟಾಗಿ ಕೊಟ್ಟ ಶಿಫಾರಸಿನಲ್ಲೂ 3ಡಿ ಫ್ಲೇರ್‌ಗೇ ಮೊದಲ ಜಾಗ. ಇದಕ್ಕೆ ಹೊಸ ಮೆಷಿನ್ ಬೇಕಾಗಿಲ್ಲ. ಇವತ್ತಿನ ಬಹುತೇಕ 1.5 ಟೆಸ್ಲಾ ಮೆಷಿನ್ನಿನಲ್ಲಿ ಆಗುತ್ತೆ. ಪ್ರೋಟೋಕಾಲ್ ಬದಲಾಯಿಸೋ ಮನಸ್ಸು ಬೇಕು.

ಇನ್ನೊಂದು ಸಂಗತಿ ಇದೆ. ಕಾಯಿಲೆ ಎಂಎಸ್ಸೇ ಅಂತ ತೀರ್ಮಾನಿಸೋಕೆ ಮೆಕ್‌ಡೊನಾಲ್ಡ್ ಮಾನದಂಡ ಅಂತ ಒಂದಿದೆ. ಕಲೆಗಳು ಎಲ್ಲೆಲ್ಲಿ ಇರಬೇಕು ಅಂತ 2017ರ ಆವೃತ್ತಿ ಪಟ್ಟಿ ಕೊಡುತ್ತೆ: ಕುಹರಗಳ ಸುತ್ತ, ಮೆದುಳಿನ ಹೊರಪದರ ಮತ್ತದರ ಪಕ್ಕ, ಮೆದುಳುಬಳ್ಳಿ ಮತ್ತು ಸೆರೆಬೆಲ್ಲಮ್, ಬೆನ್ನುಹುರಿ. ಇತ್ತೀಚಿನ ಪರಿಷ್ಕರಣೆಯಲ್ಲಿ ಕಣ್ಣಿನ ನರವೂ ಸೇರಿತು. ಹೈಪೋಥಾಲಮಸ್ ಪಟ್ಟಿಯಲ್ಲಿಲ್ಲ. ಎಕ್ಸಾಮಿಗೆ ಬರದ ಚಾಪ್ಟರನ್ನ ನಾವು ಓದ್ತೀವಾ? ಹಾಗೇ ಇದೂ.

ಮೆಡಿಕಲ್ ಓದೋ ಗೆಳೆಯರು ಇಲ್ಲಿ ನ್ಯಾಯವಾದ ಪ್ರಶ್ನೆ ಕೇಳ್ತಾರೆ. ಕಂಡರೆ ಏನು ಮಾಡ್ತೀರಿ? ಹೈಪೋಥಾಲಮಸ್‌ನಲ್ಲಿ ಕಲೆ ಇದ್ರೂ ಇಲ್ಲದಿದ್ರೂ ಎಂಎಸ್‌ಗೆ ಕೊಡೋ ಔಷಧಿ ಅದೇ ಅಲ್ವಾ? ಕಲೆ ಇದ್ದವರಿಗೆಲ್ಲ ಸುಸ್ತು, ಇಲ್ಲದವರಿಗೆ ಇಲ್ಲ ಅನ್ನೋಷ್ಟು ಸರಳವಾಗಿಯೂ ಇಲ್ಲವಲ್ಲ? ಎರಡೂ ಸರಿ. ಆದರೆ ಎಂಎಸ್ ಥರಾನೇ ಕಾಣೋ ಇನ್ನೊಂದು ಕಾಯಿಲೆ ಇದೆ, ನ್ಯೂರೋಮಯಲೈಟಿಸ್ ಆಪ್ಟಿಕಾ. ಅಲ್ಲಿ ದೇಹ ದಾಳಿ ಮಾಡೋದು ಆಕ್ವಾಪೋರಿನ್-4 ಅನ್ನೋ ನೀರಿನ ನಲ್ಲಿಯ ಮೇಲೆ, ಮತ್ತು ಆ ನಲ್ಲಿಗಳು ದಟ್ಟವಾಗಿರೋ ಜಾಗಗಳಲ್ಲಿ ಹೈಪೋಥಾಲಮಸ್ ಕೂಡ ಒಂದು. ಈ ಕಾಯಿಲೆಯ ಆಂಟಿಬಾಡಿಯನ್ನ 2004ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನವರು ಗುರುತಿಸಿದರು. 2015ರ ಅಂತರರಾಷ್ಟ್ರೀಯ ಮಾನದಂಡದಲ್ಲಿ, ಹಗಲಲ್ಲೇ ತಡೆಯಲಾಗದ ನಿದ್ದೆ ಮತ್ತು ಅದಕ್ಕೆ ಹೊಂದೋ ಹೈಪೋಥಾಲಮಸ್ ಸುತ್ತಲಿನ ಎಂಆರ್‌ಐ ಕಲೆ ಕಾಯಿಲೆಯ ಮುಖ್ಯ ಲಕ್ಷಣಗಳಲ್ಲಿ ಸೇರಿದೆ. ಸೋಡಿಯಂ ಇದ್ದಕ್ಕಿದ್ದಂತೆ ಕುಸಿಯೋದು ಕೂಡ ಹೈಪೋಥಾಲಮಸ್‌ಗೆ ಏಟಾದ್ದರ ಸೂಚನೆ ಆಗಿರಬಹುದು. ಇದು ಯಾಕೆ ಮುಖ್ಯ ಅಂದ್ರೆ, ಇಂಟರ್‌ಫೆರಾನ್ ಬೀಟಾ, ಫಿಂಗೋಲಿಮಾಡ್ ಥರದ ಎಂಎಸ್ ಔಷಧಿಗಳು ಈ ಕಾಯಿಲೆಯವರಿಗೆ ಸಹಾಯ ಮಾಡೋದಿಲ್ಲ, ಕಾಯಿಲೆಯನ್ನ ಇನ್ನೂ ಜಾಸ್ತಿ ಮಾಡ್ತವೆ. ಅದೇ ಮಂಗಳೂರಿನಲ್ಲಿ, ನಿಟ್ಟೆ ವಿಶ್ವವಿದ್ಯಾಲಯದ ನರರೋಗ ಸಂಶೋಧನಾ ಕೇಂದ್ರದಲ್ಲಿ, ಈ ಆಂಟಿಬಾಡಿ ಪತ್ತೆ ಮಾಡೋ ಕೆಲಸ ವರ್ಷಗಳಿಂದ ನಡೀತಿದೆ. ಆದರೆ ಆ ರಕ್ತಪರೀಕ್ಷೆ ಬರೆಯಬೇಕು ಅಂತ ವೈದ್ಯರಿಗೆ ಹೊಳೆಯೋಕೆ ಒಂದು ಸುಳಿವು ಬೇಕಲ್ಲ. ತೂಕಡಿಸೋ ಹುಡುಗಿ ಮತ್ತು ಆ ಬಾದಾಮಿ ಗಾತ್ರದ ಜಾಗದಲ್ಲಿ ಒಂದು ಬಿಳಿ ಮಚ್ಚೆ, ಎರಡೂ ಸೇರಿದರೆ ಅದೇ ಸುಳಿವು.

ಎರಡನೇ ಉತ್ತರ ಔಷಧಿಯದ್ದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ಸೀಟಿನ ಮೀಸಲಾತಿಗೆ ಕನಿಷ್ಠ 40% ಇರಬೇಕು. ಆ ಶೇಕಡಾ ಲೆಕ್ಕ ನಡೆಯೋದು ಮೆಡಿಕಲ್ ಬೋರ್ಡ್ ಎದುರು, ಒಂದು ದಿನ, ಹೆಚ್ಚಾಗಿ ಫ್ಯಾನ್ ಕೆಳಗೆ. ಕೈ ಎತ್ತಿ, ಕಾಲು ಎತ್ತಿ, ನಡೀರಿ ನೋಡೋಣ. ತಂಪಾಗಿ ಕೂತಾಗ ನಡೆದುಬಿಡ್ತಾರೆ! ಮಧ್ಯಾಹ್ನದ ಹೊಲದಲ್ಲಿ ಏನಾಗುತ್ತೆ ಅನ್ನೋದನ್ನ ಯಾವ ಕಾಗದವೂ ಹೇಳಲ್ಲ. ಎಂಆರ್‌ಐ ರಿಪೋರ್ಟ್‌ನಲ್ಲಿ "ಹೊಸ ಕಲೆ ಇಲ್ಲ" ಅಂತಿದ್ದರೆ ಮನೆಯವರಿಗೂ ಬೋರ್ಡಿಗೂ ಅದು "ಏನೂ ಇಲ್ಲ" ಅಂತ ಕೇಳಿಸುತ್ತೆ. ಆದ್ದರಿಂದ ನಮ್ಮ ಅಭಿಪ್ರಾಯ ನೇರವಾಗಿಯೇ ಹೇಳ್ತೀವಿ. ಚಿತ್ರದಲ್ಲಿ ಸಿಗೋ ತನಕ ಸುಸ್ತನ್ನ ಕಾಯಿಸಬಾರದು. ಸುಸ್ತು ಅಳೆಯೋ 9 ಪ್ರಶ್ನೆಗಳ ಫೆಟೀಗ್ ಸಿವಿಯಾರಿಟಿ ಸ್ಕೇಲ್ 1989ರಿಂದಲೇ ಇದೆ. ಪೆನ್ನು, ಕಾಗದ ಸಾಕು. ಅದನ್ನ ರೋಗಿ ಮಾತಾಡೋ ಕನ್ನಡದಲ್ಲಿ, ಪಾವಗಡದ ಎಷ್ಟೋ ಮನೆಗಳಿಗೆ ತೆಲುಗಿನಲ್ಲಿ, ಕೇಳಿ ಬರೆದುಕೊಳ್ಳಲಿ. ರಿಪೋರ್ಟ್ ಬರೆಯೋರೂ "ಹೈಪೋಥಾಲಮಸ್ ಈ ಸ್ಕ್ಯಾನಿನಲ್ಲಿ ಸ್ಪಷ್ಟವಾಗಿ ನೋಡಲಾಗಿಲ್ಲ" ಅಂತ ಒಂದು ಸಾಲು ಸೇರಿಸಲಿ. ನೋಡಿ ಇಲ್ಲ ಅನ್ನೋದು ಬೇರೆ, ನೋಡಲಾಗಿಲ್ಲ ಅನ್ನೋದು ಬೇರೆ. ನಮ್ಮ ಲ್ಯಾಬ್ ರೆಕಾರ್ಡಿನಲ್ಲಿ ಈ ಎರಡನ್ನ ಒಂದೇ ಅಂತ ಬರೆದರೆ ಮೇಡಂ ಪುಸ್ತಕ ಎಸೀತಾರೆ.

ಹಾಗಾದರೆ ತಾಲೂಕಿಗೊಂದು ಎಂಆರ್‌ಐ ಕೊಡಿ ಅಂತ ಕೇಳಬೇಕಾ? ನಮ್ಮೊಳಗೇ ಇದರ ಬಗ್ಗೆ ಜಗಳ ಆಯ್ತು. ಶಿರಾದವರಿಗೆ ಹೈವೇ ಇದೆ, ತುಮಕೂರು ಒಂದು ಗಂಟೆ. ಕೊರಟಗೆರೆ ಇನ್ನೂ ಹತ್ತಿರ. ಪಾವಗಡದಿಂದ ಮಧುಗಿರಿ ದಾಟಿ ತುಮಕೂರಿಗೆ ಸುಮಾರು 100 ಕಿಲೋಮೀಟರ್. ಅದಕ್ಕೇ ಆ ಕಡೆಯೋರು ಹಿಂದೂಪುರ, ಅನಂತಪುರದ ಕಡೆಗೂ ಹೋಗ್ತಾರೆ. ನಿಮ್ಹಾನ್ಸ್ ಅಂದ್ರೆ ಇಡೀ ದಿನ. ಬಿಸಿ ತಡೆಯದ ಮೈಯನ್ನ ಏಪ್ರಿಲ್ ಬಸ್ಸಿನಲ್ಲಿ ಕೂರಿಸಿ ಸ್ಕ್ಯಾನಿಗೆ ಕರ್ಕೊಂಡು ಹೋಗೋದು ಎಂಥ ವ್ಯಂಗ್ಯ ನೋಡಿ. ಹತ್ತಿರ ಬಂದರೆ ಒಳ್ಳೇದೇ. ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಕಂಪನಿಯ 1.5 ಟೆಸ್ಲಾ ದೇಶೀ ಮೆಷಿನ್ 2023ರಲ್ಲಿ ಬಿಡುಗಡೆಯಾಯ್ತು, ದ್ರವ ಹೀಲಿಯಂ ಬೇಡ ಅನ್ನೋದು ಅದರ ದೊಡ್ಡ ಗುಣ. ಅಮೆರಿಕದ ಹೈಪರ್‌ಫೈನ್ 0.064 ಟೆಸ್ಲಾದ, ತಳ್ಳಿಕೊಂಡು ಹೋಗೋ ಮೆಷಿನ್ ಮಾಡಿದೆ. ಎಂಎಸ್‌ನ ದೊಡ್ಡ ಕಲೆಗಳು ಅದರಲ್ಲೂ ಕಾಣ್ತವೆ. ಆದರೆ ಫೀಲ್ಡ್ ಇಳಿದಷ್ಟೂ ಸಿಗ್ನಲ್ ಇಳಿಯುತ್ತೆ, ಮೊದಲು ಕೈಬಿಡೋದು ಚಿಕ್ಕ ಕಲೆಗಳು, ಅಂದ್ರೆ ನಾವು ಇಲ್ಲಿ ಮಾತಾಡ್ತಿರೋ ಜಾಗದವೇ. ಅಗ್ಗದ ಮೆಷಿನ್ ತಾಲೂಕಿಗೆ ಬಂದು, ಅದು "ನಾರ್ಮಲ್" ಅಂತ ಬರೆದು, ಮುಂದಿನ ದಾರಿ ಮುಚ್ಚಿದರೆ ಈಗಿಗಿಂತ ಕಷ್ಟ. ಕೊನೆಗೆ ನಮ್ಮಲ್ಲಿ ಹೆಚ್ಚಿನವರು ಒಪ್ಪಿದ್ದು ಇಷ್ಟು: ಹೋಗೋದು ಒಂದೇ ಸಲ ಆಗಲಿ, ಆದರೆ ಆ ಒಂದು ಸ್ಕ್ಯಾನ್ ಸರಿಯಾಗಿ ಆಗಲಿ, ಮತ್ತು ಅದರ ಡೇಟಾ ರೋಗಿಯ ಕೈಗೆ ಸಿಗಲಿ.

ಡೇಟಾ ಅಂದ್ರೆ ಫಿಲ್ಮ್ ಅಲ್ಲ. ನಮ್ಮ ಊರುಗಳಲ್ಲಿ ಬೀರು ಮೇಲೆ, ದೊಡ್ಡ ಪ್ಲಾಸ್ಟಿಕ್ ಕವರಿನಲ್ಲಿ, ವರ್ಷಗಟ್ಟಲೆ ಇಟ್ಟಿರೋ ಕಪ್ಪು ಹಾಳೆಗಳನ್ನ ನೀವೂ ನೋಡಿರ್ತೀರಿ. ಆ ಹಾಳೆಯ ಮೇಲಿರೋದು ಬೆರಳೆಣಿಕೆಯ ಸ್ಲೈಸುಗಳ ಪ್ರಿಂಟು. ಅದನ್ನ ಹಿಂದೆ ಮುಂದೆ ತಿರುಗಿಸಿ ನೋಡೋಕಾಗಲ್ಲ, ಎರಡು ವರ್ಷದ ನಂತರದ ಸ್ಕ್ಯಾನ್ ಜೊತೆ ಸರಿಹೊಂದಿಸೋಕಾಗಲ್ಲ. ಡೈಕಾಮ್ ಫೈಲುಗಳಿರೋ ಸಿಡಿ ಅಥವಾ ಪೆನ್‌ಡ್ರೈವ್ ಕೇಳಿ ತಗೋಬೇಕು. ಇದನ್ನ ಅಪ್ಪ ಅಮ್ಮ ಕೇಳಲ್ಲ, ಕೇಳೋಕೆ ಹಿಂಜರೀತಾರೆ. ಮನೆಯಿಂದ ಯಾರೇ ಸ್ಕ್ಯಾನಿಗೆ ಹೋದರೂ, ಫೋನ್ ಮಾಡಿ "ಸಿಡಿ ಇಸ್ಕೊಂಡು ಬನ್ನಿ" ಅಂತ ಹೇಳೋದು ನಮ್ಮ ಕೆಲಸ.

ಇನ್ನು ಪ್ರಾಜೆಕ್ಟ್ ವಿಷಯ. ಪ್ರತಿ ವರ್ಷ ಕಂಪ್ಯೂಟರ್ ಸೈನ್ಸ್, ಇಸಿ ಬ್ರಾಂಚ್‌ಗಳಲ್ಲಿ "ಬ್ರೈನ್ ಟ್ಯೂಮರ್ ಡಿಟೆಕ್ಷನ್" ಮಾಡೋ ಟೀಮುಗಳನ್ನ ಲೆಕ್ಕ ಹಾಕೋಕೆ ಎರಡೂ ಕೈ ಬೆರಳು ಸಾಲಲ್ಲ. ಅದೇ ಕ್ಯಾಗಲ್ ಡೇಟಾ, ಅದೇ ನೆಟ್‌ವರ್ಕು, ಅದೇ 98% ಅಕ್ಯುರೆಸಿ. ಟೈಟಲ್ ಇನ್ನೂ ಕೊಡದವರಿಗೆ ಒಂದು ಕೆಲಸ ಇಲ್ಲಿದೆ. ಫ್ರೀಸರ್ಫರ್ ಅನ್ನೋ ಉಚಿತ ಸಾಫ್ಟ್‌ವೇರಿನಲ್ಲಿ, ಟಿ1 ಚಿತ್ರದಿಂದ ಹೈಪೋಥಾಲಮಸ್ಸನ್ನ ಉಪಭಾಗಗಳ ಸಮೇತ ಬಿಡಿಸಿಕೊಡೋ ಟೂಲ್ ಇದೆ. ಬಿಲೋ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ್ದು. ಅದು ಅಂಗವನ್ನ ಗುರುತಿಸುತ್ತೆ, ಕಲೆಯನ್ನಲ್ಲ. ಎಂಎಸ್ ರೋಗಿಗಳ 3ಡಿ ಫ್ಲೇರ್ ಚಿತ್ರಗಳು 2016ರ ಎಂಎಸ್‌ಸೆಗ್ ಸ್ಪರ್ಧೆಯಿಂದ ಸಂಶೋಧನೆಗೆ ಸಿಗ್ತವೆ. ಆ ಚಿತ್ರದ ಹೈಪೋಥಾಲಮಸ್ ಭಾಗದೊಳಗೆ 2, 3, 4 ಮಿಲಿಮೀಟರಿನ ಕೃತಕ ಕಲೆ ಕೂರಿಸಿ. ಆಮೇಲೆ ಚಿತ್ರವನ್ನ 5 ಮಿಲಿಮೀಟರ್ ಸ್ಲೈಸಿಗೆ ಇಳಿಸಿ, ನಾಯ್ಸ್ ಸೇರಿಸಿ. ಎಷ್ಟು ಕಲೆ ಉಳೀತು, ಎಷ್ಟು ಮಾಯವಾಯ್ತು ಅಂತ ಒಂದು ಗ್ರಾಫ್ ಬಿಡಿಸಿ. ಒಂದು ಸೆಮಿಸ್ಟರಿನ ಕೆಲಸ, ಜಿಪಿಯು ಇಲ್ಲದಿದ್ದರೂ ನಡೆಯುತ್ತೆ. ಆ ಗ್ರಾಫ್ ಹಿಡ್ಕೊಂಡು ತುಮಕೂರಿನ ಯಾವುದಾದರೂ ಸ್ಕ್ಯಾನಿಂಗ್ ಸೆಂಟರಿಗೆ ಹೋಗಿ, "ಸರ್, ನಿಮ್ಮ ಮೆಷಿನ್ನಿನಲ್ಲಿ 3ಡಿ ಫ್ಲೇರ್ ಹಾಕೋಕೆ ಎಷ್ಟು ನಿಮಿಷ ಜಾಸ್ತಿ ಬೇಕು?" ಅಂತ ಕೇಳಬಹುದು.